ಮುದುಕಮ್ಮನ ಅಂಗೈಯ ಪ್ರೋಟೀನ್ ಅವರಿಗೆ ಒಂದು ದೂರು

ಲೋಕದ ಸಕಲರ ಬೆರಳ ತುದಿಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ವಾಸವಾಗಿರುವ ಶ್ರೀಮಾನ್ ರೈಬೊನ್ಯೂಕ್ಲಿಯೇಸ್ ಅವರ ಸನ್ನಿಧಿಗೆ,

ಮಾನ್ಯರೇ,

ಬಿಸಿನೀರು, ಸಾಬೂನು, ಸ್ಪಿರಿಟ್ಟುಗಳ ಕಾಟವನ್ನೆಲ್ಲ ಸಹಿಸಿಕೊಂಡು ತಾವು ಕ್ಷೇಮವಾಗಿದ್ದೀರೆಂದು ನಂಬಿ, ಲಿಂಗಸುಗೂರಿನ ರೇಣುಕಾದೇವಿಯಾದ ನಾನು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಪ್ರೋಟೀನುಗಳು ಆರ್‌ಎನ್‌ಎಯನ್ನು ಹೇಗೆ ಗುರುತು ಹಿಡಿಯುತ್ತವೆ ಎಂಬುದೇ ಹನ್ನೊಂದು ವರ್ಷಗಳಿಂದ ನನ್ನ ಸಂಶೋಧನೆ. ಆರ್‌ಎನ್‌ಎ ಎಂದರೆ ಜೀವಕೋಶದೊಳಗೆ ಓಡಾಡುವ ಆದೇಶದ ಚೀಟಿ; ಸಾವಿರಾರು ಚೀಟಿಗಳ ನಡುವೆ ತನಗೆ ಬೇಕಾದದ್ದನ್ನು ಒಂದು ಪ್ರೋಟೀನ್ ಹೇಗೆ ಆರಿಸಿಕೊಳ್ಳುತ್ತದೆಂದು ತಿಳಿಯಲು ನಾನು ಮೂರು ಸಮಿತಿಗಳ ಮುಂದೆ ಕೈಕಟ್ಟಿ ನಿಂತವಳು. ತಾವಾದರೋ ಪ್ರೋಟೀನ್ ಕುಲದಲ್ಲೇ ಹುಟ್ಟಿ, ಯಾವ ಸಮಿತಿಗೂ ಅರ್ಜಿ ಹಾಕದೆ, ಆರ್‌ಎನ್‌ಎ ಕಂಡ ಕ್ಷಣವೇ ಗುರುತಿಸಿ, ಚೂರುಚೂರು ಮಾಡಿ ಮುಗಿಸುತ್ತೀರಿ. ಇಂಥ ದಕ್ಷತೆಯನ್ನು ನಮ್ಮ ಕಡೆಯ ಯಾವ ಕಚೇರಿಯಲ್ಲೂ ನಾನು ಕಂಡಿಲ್ಲ.

ಇನ್ನು ದೂರಿಗೆ ಬರುತ್ತೇನೆ. ತುರ್ವಿಹಾಳದ ಕಾಲುವೆ ಪಕ್ಕದ ಗದ್ದೆಯೊಂದಕ್ಕೆ ಈ ಸಲ ವೈರಸ್ ರೋಗ ಬಿದ್ದು ಭತ್ತವೆಲ್ಲ ಅರಿಸಿನ ಬಳಿದಂತಾಯಿತು. ನಡುವೆ ಒಂದೇ ಒಂದು ಬುಡ ಮಾತ್ರ ಹಸಿರಾಗಿ ನಿಂತಿತ್ತು. ಅದನ್ನು ಮೊದಲು ಕಂಡು ನನಗೆ ತಿಳಿಸಿದವರು ಅಲ್ಲಿ ಕಳೆ ತೆಗೆಯುವ ಮುದುಕಮ್ಮ. ಅದರೊಳಗಿನ ಯಾವುದೋ ಪ್ರೋಟೀನ್ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ ತಡೆಯುತ್ತಿದೆ ಎಂಬುದು ನನ್ನ ಊಹೆ. ಅದು ನಿಜವಾಗಿದ್ದರೆ ಸಿಂಧನೂರು, ಮಸ್ಕಿ ಕಡೆಯ ಎಷ್ಟೋ ಗದ್ದೆಗಳಿಗೆ ದಾರಿ ಸಿಗುತ್ತಿತ್ತು. ಆದರೆ ನಾನು ಹೊರಡುವಷ್ಟರಲ್ಲಿ ಮಾಲೀಕರಾದ ಹನುಮಂತರಾಯರು ಬೇಸತ್ತು ಗದ್ದೆಗೆ ಟ್ರ್ಯಾಕ್ಟರ್ ಹೊಡೆಸಿಬಿಟ್ಟರು. ಅಂದೇ ಮುದುಕಮ್ಮನ ಫೋನ್ ಬಂತು: "ನಾಕ ಎಲಿ ಉಳಿಸಿಟ್ಟೀನಿ, ನೀ ಲಗೂನ ಬಾರವ್ವಾ." ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಆ ನಾಲ್ಕು ಎಲೆಗಳೇ ನನ್ನ ಪಾಲಿಗೆ ಉಳಿದದ್ದು.

ನನಗೆ ಬೇಕಾದದ್ದು ಎಲೆಯ ಒಳಗಿದೆ ಎಂದು ಹಿಂದೊಮ್ಮೆ ಅವರಿಗೆ ನಾನೇ ಹೇಳಿದ್ದೆ. ಎಲೆಯ ಒಳಗಿನದನ್ನು ಹೊರಗೆ ತೆಗೆಯುವುದು ಅವರಿಗೇನು ಹೊಸದಲ್ಲ. ಓಣಿಯ ಮಕ್ಕಳ ಕೆಮ್ಮಿಗೆಲ್ಲ ತುಳಸಿ ಹಿಂಡುವ ಕೈ ಅದು. ಅವರ ಅಂಗಳದಲ್ಲಿ ನಾನು ಕೈಗವಸು ಹಾಕಿಕೊಂಡು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ನಾಲ್ಕೂ ಎಲೆಗಳನ್ನು ಅಂಗೈಯಲ್ಲಿ ಚೆನ್ನಾಗಿ ಹೊಸಕಿ, ರಸ ಒಸರುವ ಮುದ್ದೆಯನ್ನು ನಗುನಗುತ್ತ ನನ್ನತ್ತ ಚಾಚಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು "ಮುಟ್ಟಬ್ಯಾಡ್ರೀ!" ಎಂದು ಕಿರುಚಿದೆ.

ಮಾನ್ಯರೇ, ನಾನು ಕಿರುಚಿದ್ದು ತಮಗೆ ಹೆದರಿ. ಆದರೆ ಆ ಓಣಿಯ ಜನ ಅದೇ ಮಾತನ್ನು ಬೇರೆ ಕಾರಣಕ್ಕೆ ತಲೆತಲಾಂತರದಿಂದ ಕೇಳಿಸಿಕೊಂಡು ಬಂದವರು. ಮುದುಕಮ್ಮ ಸಿಟ್ಟಾಗಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, "ಕೈ ತೊಳಕೊಂಡೀನ್ರೀ ಅಮ್ಮೋರೆ" ಎಂದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಕೈಗವಸು ಕಿತ್ತೆಸೆದು ಆ ಮುದ್ದೆಯನ್ನು ಬರಿಗೈಯಲ್ಲೇ ತೆಗೆದುಕೊಂಡೆ. ಪ್ರಯೋಗಾಲಯದಲ್ಲಿ ನೋಡಿದರೆ ಒಂದೇ ಒಂದು ಆರ್‌ಎನ್‌ಎಯೂ ಇಡಿಯಾಗಿ ಉಳಿದಿರಲಿಲ್ಲ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ತಾವು ಮುದುಕಮ್ಮನ ಅಂಗಳದಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಪ್ರತ್ಯಕ್ಷರಾಗಿ, ಅವರ ಕೈಯಲ್ಲಿರುವಂತೆಯೇ ನನ್ನ ಕೈಯಲ್ಲೂ, ಹನುಮಂತರಾಯರ ಉಂಗುರದ ಬೆರಳಲ್ಲೂ ಇದ್ದೀರೆಂದು ಸಾಕ್ಷಿ ನುಡಿಯಬೇಕು. ಯಾರ ಕೈ ಎಂದು ವಿಚಾರಿಸದೆ ನೆಲೆಸುವ ತಮ್ಮ ಘನವಾದ ಪದ್ಧತಿಯ ಬಗ್ಗೆ ನಮ್ಮೂರುಗಳ ಹಿರಿಯರಿಗೆ ಒಂದು ವಾರದ ತರಬೇತಿ ನಡೆಸಿಕೊಡಬೇಕು. ಆ ನಾಲ್ಕು ಎಲೆಗಳನ್ನು ಮೊದಲಿನಂತೆ ಜೋಡಿಸಿ ಕೊಡಬೇಕು; ಅದು ಕಷ್ಟವೆನಿಸಿದರೆ, ಕತ್ತರಿಸುವುದರಲ್ಲಿ ತಾವು ನಿಪುಣರಾದ್ದರಿಂದ, ನನ್ನ ಬಾಯಿಂದ ಹೊರಟ ಆ ಒಂದು ಮಾತನ್ನಾದರೂ ಕತ್ತರಿಸಿ ಹಾಕಬೇಕು.

ಎಷ್ಟು ತೊಳೆದರೂ ತಮ್ಮಿಂದ ಅಗಲಲಾರದ
ತಮ್ಮ ವಿಶ್ವಾಸಿ,
ಡಾ. ರೇಣುಕಾದೇವಿ

ಮತ್ತೊಂದು ಮಾತು: ಎಲೆ ಹೊಸಕಿದ ಗಳಿಗೆಯಲ್ಲೇ ತಾವು ಕೆಲಸ ಮುಗಿಸಿದ್ದಿರಿ, ನನ್ನ ಕೂಗಿನಿಂದ ಉಳಿದದ್ದು ಏನೂ ಇಲ್ಲ. ಮೊನ್ನೆ ಹೋದಾಗ ಮುದುಕಮ್ಮ ಚಹಾದ ಲೋಟವನ್ನು ನನ್ನ ಕೈಗೆ ಕೊಡದೆ, ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತರು. ಇದರಲ್ಲಿ ತಮ್ಮ ತಪ್ಪೇನೂ ಇಲ್ಲವೆಂದು ಈ ಮೂಲಕ ಬರೆದುಕೊಡುತ್ತೇನೆ.