ಮಹಾಣುವಿಗೆ ಮುಖಪುಟ

ಹೆಂಡತಿ ತಮ್ಮನ್ನು ಕಾಲಕಸದಂತೆ ಕಾಣುತ್ತಾಳೆ ಎಂದು ಗೊಣಗುವ ಗಂಡಂದಿರನ್ನು ಕಂಡರೆ ನನಗೆ ನಗು ಬರುತ್ತದೆ. ಕಾಲಕಸವಾದರೂ ಕಣ್ಣಿಗೆ ಕಾಣುತ್ತದಲ್ಲ ಸ್ವಾಮಿ! ನನ್ನವಳು ಒಮ್ಮೆ ನನ್ನನ್ನು ನಿಜವಾದ ಕಸದ ಜೊತೆಗೇ ಗುಡಿಸಿ ಡಬ್ಬಿಗೆ ಹಾಕಿದ್ದಾಳೆ. (ಬೇಕೆಂದೇ ಮಾಡಿದ್ದಲ್ಲವಂತೆ. ನಾನು ನಂಬಿದ್ದೇನೆ. ನಂಬದೆ ಏನು ಮಾಡಲಿ?)

ವಿಷಯ ಏನೆಂದರೆ, ನಾನು ಮಹಾಣು. ಹೆಸರು ಕೇಳಿಲ್ಲವೆ? ಬೇಜಾರಿಲ್ಲ, ಯಾರೂ ಕೇಳಿಲ್ಲ. ಮಕ್ಕಳ ಕಾಮಿಕ್ಸ್ ಪತ್ರಿಕೆಯಲ್ಲಿ ಹಾರುವವರು, ಬೆಂಕಿ ಉಗುಳುವವರು, ರೈಲು ಎತ್ತುವವರು ಎಲ್ಲರ ಸಾಹಸವೂ ಮುಗಿದ ಮೇಲೆ, ಪದಬಂಧದ ಹಿಂದಿನ ಪುಟದಲ್ಲಿ ಒಬ್ಬ ಬರುತ್ತಾನಲ್ಲ, ಒಮ್ಮೆ ದೊಡ್ಡವನಾಗಿ ಒಮ್ಮೆ ಚಿಕ್ಕವನಾಗುವವನು? ಅವನೇ ನಾನು. ಎದೆತುಂಬ ಉಸಿರೆಳೆದರೆ ತೆಂಗಿನಮರದಷ್ಟು ಬೆಳೆಯುತ್ತೇನೆ. ಪೂರ್ತಿ ಬಿಟ್ಟರೆ ಕಡಲೆಕಾಳಿನಷ್ಟಾಗುತ್ತೇನೆ. (ಸಣ್ಣಪುಟ್ಟ ಉಸಿರು ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ನಾನು ಮಲಗಿದ ಮಂಚದ ಗತಿ ಏನಾಗಬೇಕು?)

ಇಂಥ ದೈವದತ್ತ ಮಹಾಶಕ್ತಿಯನ್ನು ನನ್ನ ಹೆಂಡತಿ ಯಾವುದಕ್ಕೆ ಬಳಸುತ್ತಾಳೆ ಎಂದರೆ, ಫ್ಯಾನಿನ ರೆಕ್ಕೆ ಒರೆಸುವುದಕ್ಕೆ. ಬೀರುವಿನ ಹಿಂದೆ ಬಿದ್ದ ಸೂಜಿ ತರುವುದಕ್ಕೆ. ಹೊಲಿಗೆ ಯಂತ್ರದೊಳಗೆ ಇಳಿದು ಸಿಕ್ಕಾದ ದಾರ ಬಿಡಿಸುವುದಕ್ಕೆ. "ಲೋಕ ಕಾಪಾಡೋನು ನಾನು" ಎಂದರೆ, "ಲೋಕ ಆಮೇಲೆ ಕಾಪಾಡಿ, ಮೊದ್ಲು ಬಲ್ಬ್ ಹಾಕಿ" ಎನ್ನುತ್ತಾಳೆ.

ಹೀಗಿರುವಾಗ ಸಂಪಾದಕರು ಫೋನ್ ಮಾಡಿದರು. ಓದುಗರಿಗೆ ನನ್ನ ಮೇಲೆ ಆಸಕ್ತಿ ಕಡಿಮೆಯಾಗಿದೆಯಂತೆ. ಕೊನೆಯ ಅವಕಾಶ ಎಂದು ಚಿತ್ರಗಾರನನ್ನು ಮನೆಗೇ ಕಳಿಸುತ್ತಾರಂತೆ. ಅವನ ಕಣ್ಣೆದುರು ಏನಾದರೂ ಭರ್ಜರಿ ಸಾಹಸ ಮಾಡಿದರೆ ಮುಖಪುಟ, ಇಲ್ಲದಿದ್ದರೆ ನನ್ನ ಪುಟಕ್ಕೆ ಟೂತ್‌ಪೇಸ್ಟ್ ಜಾಹೀರಾತು. ನನ್ನ ಜೀವ ಬಾಯಿಗೆ ಬಂತು. ಆ ಒಂದು ಪುಟವೂ ಹೋದರೆ ನಾನು ಮಹಾವೀರನಲ್ಲ, ಬರೀ ಗಂಡ!

ಆ ದಿನ ಬೆಳಿಗ್ಗೆಯೇ ಮಿರಮಿರ ಮಿಂಚುವ ಉಡುಪು ತೊಟ್ಟು ಸಿದ್ಧನಾದೆ. ಮಹಡಿಯ ಮೇಲಿನ ನೀರಿನ ಟ್ಯಾಂಕನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸುವುದೆಂದು ತೀರ್ಮಾನಿಸಿದ್ದೆ. ಇನ್ನೇನು ಚಿತ್ರಗಾರ ಬರಬೇಕು, ಅಡುಗೆಮನೆಯಿಂದ ಕೂಗು ಬಂತು.

"ರೀ! ನನ್ನ ಓಲೆ ತಿರುಪು ಸಿಂಕಿನೊಳಗೆ ಬಿದ್ದೋಯ್ತು!"

"ಈಗ ಆಗಲ್ಲ ಕಣೇ, ಚಿತ್ರಗಾರ ಬರ್ತಿದ್ದಾನೆ."

"ಅವನು ಬಂದಾಗ ನಾನು ಒಂದೇ ಓಲೆ ಹಾಕ್ಕೊಂಡು ನಿಂತಿರ್ಲಾ? ನಮ್ಮಮ್ಮ ಕೊಟ್ಟ ಓಲೆ ರೀ ಅದು!"

"ಪ್ಲಂಬರ್‌ನ ಕರಿ."

"ಮನೇಲಿ ಕಡಲೆಕಾಳಿನಷ್ಟಾಗೋ ಗಂಡನ್ನ ಇಟ್ಕೊಂಡು ಪ್ಲಂಬರ್‌ನ ಕರೀಲಾ? ಅಕ್ಕಪಕ್ಕದೋರು ಏನಂದಾರು?"

ಈ ವಾದಕ್ಕೆ ಇದುವರೆಗೆ ಯಾವ ಗಂಡನ ಬಳಿಯೂ ಉತ್ತರವಿಲ್ಲ. ಅಂಥ ವಾದ ಎದುರಿಸಿದ ಗಂಡ ನಾನೊಬ್ಬನೇ ಎನ್ನುವುದು ಬೇರೆ ಮಾತು. ಉಸಿರು ಬಿಟ್ಟೆ, ಸಿಂಕಿನ ಜಾಲರಿಯ ತೂತಿನಿಂದ ಇಳಿದೆ.

ಒಳಗಿನ ವರ್ಣನೆ ಬೇಡ. ಊಟದ ಹೊತ್ತಿನಲ್ಲಿ ಓದುವವರೂ ಇರುತ್ತಾರೆ. ಪೈಪು ಬಾಗುವ ಜಾಗದಲ್ಲಿ, ಲೋಳೆ ಲೋಳೆ ಸೋಪಿನ ನಡುವೆ ತಿರುಪು ಹೊಳೆಯುತ್ತಿತ್ತು. ನನ್ನ ಆಗಿನ ಗಾತ್ರಕ್ಕೆ ಅದು ಬಂಡಿಯ ಚಕ್ರ. ಎರಡೂ ಕೈಯಲ್ಲಿ ತಬ್ಬಿ ಎತ್ತಿಕೊಂಡೆ. ಅಷ್ಟರಲ್ಲಿ ಮೇಲಿನಿಂದ ಚಿತ್ರಗಾರನ ದನಿ ಕೇಳಿತು.

"ನಮಸ್ಕಾರ ಮೇಡಂ, ಸಾರ್ ಎಲ್ಲಿ? ಹೇಗಾದ್ರೂ ಮಾಡಿ ಅವರನ್ನ ಮುಖಪುಟಕ್ಕೆ ತರಬೇಕು ಅಂತ ನಂಗೆ ಆಸೆ."

ಮುಖಪುಟ! ಆ ಶಬ್ದ ಕೇಳಿದ್ದೇ ತಡ, ನಾನು ಮೈಮರೆತೆ. 'ಇಲ್ಲಿದ್ದೀನಿ!' ಎಂದು ಕೂಗುವುದಕ್ಕೆ ಎದೆತುಂಬ ಉಸಿರೆಳೆದುಬಿಟ್ಟೆ.

ಎಳೆದರೆ ಬೆಳೆಯುತ್ತೇನೆ ಎಂದು ನಾನೇ ನಿಮಗೆ ಹೇಳಿದ್ದೆ. ನಿಮಗಾದರೂ ನೆನಪಿತ್ತು. ಪೈಪಿನ ತಿರುವಿನಲ್ಲಿ ಸೀಸೆಗೆ ಬಿರಡೆ ಹಾಕಿದ ಹಾಗೆ ಗಪ್ಪನೆ ಕೂತುಬಿಟ್ಟೆ. ಉಸಿರು ಬಿಟ್ಟೆ, ಕುಗ್ಗಿದೆ, ಸರ್ರನೆ ಚರಂಡಿಯ ಕಡೆಗೆ ಜಾರಿದೆ. ಗಾಬರಿಯಾಗಿ ಮತ್ತೆ ಎಳೆದೆ, ಮತ್ತೆ ಸಿಕ್ಕಿಹಾಕಿಕೊಂಡೆ. ಬಿಟ್ಟರೆ ಚರಂಡಿ, ಬಿಡದಿದ್ದರೆ ಬಿರಡೆ.

ಮೇಲೆ ಅವಳು ನನ್ನ ಮರ್ಯಾದೆ ಉಳಿಸುತ್ತಿದ್ದಳು. "ಅವರಾ? ಒಂದು ಸಾಹಸದಲ್ಲಿದ್ದಾರೆ. ಈಗ ಬಂದ್ರು ಅನ್ಕೊಳ್ಳಿ. ಕೂತ್ಕೊಳ್ಳಿ, ಕಾಫಿ ಕೊಡ್ತೀನಿ."

ಆದರೆ ಚಿತ್ರಗಾರ ಸುಮ್ಮನೆ ಕೂರುವ ಜಾತಿಯಲ್ಲ. ಎಲ್ಲಿ ಹೋದರೂ ಮೊದಲು ಬ್ರಶ್ಶು ತೊಳೆದು ಕೆಲಸಕ್ಕೆ ಕೂರುವುದು ಅವನ ಅಭ್ಯಾಸ. "ಇಲ್ಲೇ ತೊಳ್ಕೋತೀನಿ ಮೇಡಂ" ಎಂದವನೇ ಸಿಂಕಿನ ನಲ್ಲಿ ತಿರುಗಿಸಿದ.

"ಅಯ್ಯೋ ಬೇಡ, ನಮ್ಮೆಜಮಾನ್ರು ಒಳಗಿದ್ದಾರೆ!" ಎಂದು ಅವಳು ಚೀರಿದ್ದು ಕೇಳಿಸಿತು. ಆಮೇಲೆ ಕೆಂಪು ನೀರು ಬಂತು.

ಅವಳು ನಲ್ಲಿ ನಿಲ್ಲಿಸಿದಳು. ಸಿಂಕಿನ ಕೆಳಗೆ ಬಕೆಟ್ ಎಳೆದ ಸದ್ದು, ಸ್ಪ್ಯಾನರು ತಾಗಿದ ಸದ್ದು. "ಹಿಡ್ಕೊಳ್ರೀ ಇದನ್ನ! ಹಾಗಲ್ಲ, ಗಟ್ಟಿಯಾಗಿ! ಚಿತ್ರ ಬರೆಯೋ ಕೈಯಾ ಇದು?" ಎಂದು ಅವನಿಗೂ ಒಂದು ಬಿತ್ತು. ನನಗೆ ಅಂಥ ಸ್ಥಿತಿಯಲ್ಲೂ ಒಂದು ಬಗೆಯ ಸಮಾಧಾನವಾಯಿತು. ಬೈಸಿಕೊಳ್ಳುವುದರಲ್ಲಿ ಇವತ್ತು ನಾನು ಒಂಟಿಯಲ್ಲ.

ಪೈಪಿನ ತಿರುವು ಕಳಚಿತು. ಬೆಳಕು ಬಂತು.

"ರೀ, ಉಸಿರು ಬಿಡಿ!"

"ಚರಂಡಿಗೆ ಹೋಗ್ತೀನಿ ಕಣೇ!"

"ಕೆಳಗೆ ಬಕೆಟ್ ಇದೆ! ನನ್ ಮೇಲೆ ನಂಬಿಕೆ ಇಲ್ವಾ?"

ನಂಬಿಕೆ ಇತ್ತು. ಸತ್ಯವಾಗಿ ಹೇಳುತ್ತೇನೆ, ಆ ಕ್ಷಣದಲ್ಲಿ ಲೋಕದಲ್ಲಿ ನನಗೆ ನಂಬಿಕೆ ಇದ್ದದ್ದು ಅವಳೊಬ್ಬಳ ಮೇಲೆಯೇ. ಉಸಿರು ಬಿಟ್ಟೆ. ಬಕೆಟ್ಟಿಗೆ ಬಿದ್ದೆ. ಅವಳು ಎರಡೂ ಕೈ ಹಾಕಿ ಮೊದಲು ತಿರುಪು ಎತ್ತಿಕೊಂಡಳು, ಆಮೇಲೆ ನನ್ನನ್ನು.

ಈಗ ಉಸಿರೆಳೆದು ತೆಂಗಿನಮರದಷ್ಟಾಗಬೇಕು, ಟ್ಯಾಂಕು ಎತ್ತಬೇಕು! ಆದರೆ ಗಂಟಲಿಗೆ ಸೋಪಿನ ನೀರು ಹೋಗಿತ್ತು. ಕೆಮ್ಮು ಶುರುವಾಯಿತು. ಕೆಮ್ಮಿದರೆ ಉಸಿರು ಹೊರಕ್ಕೆ ಹೋಗುತ್ತದೆ, ಹೊರಕ್ಕೆ ಹೋದಷ್ಟೂ ಕುಗ್ಗುತ್ತೇನೆ. ಕಡಲೆಕಾಳಿದ್ದವನು ಸಾಸಿವೆಯಾದೆ, ಸಾಸಿವೆಯಿದ್ದವನು ಗಸಗಸೆಯಾದೆ. ಅವಳ ಅಂಗೈಯ ಮೇಲೆ ನಿಂತು ಕೈಬೀಸಿದೆ.

"ಎಲ್ಲಿ ಮೇಡಂ?" ಎಂದು ಚಿತ್ರಗಾರ ಬಗ್ಗಿ ನೋಡಿದ.

"ಇಲ್ಲೇ ಇದ್ರಲ್ಲ! ಉಸಿರು ಬಿಡಬೇಡಿ, ಹಾರಿಹೋಗ್ತಾರೆ!"

ಕೆಮ್ಮು ನಿಂತು ನಾನು ಮನುಷ್ಯರ ಅಳತೆಗೆ ಬರುವಷ್ಟರಲ್ಲಿ ಚಿತ್ರಗಾರ ಹೊರಟುಹೋಗಿದ್ದ. ಹೋಗುವಾಗ, "ಚಿಂತೆ ಬೇಡ ಮೇಡಂ, ಮುಖಪುಟ ಖಂಡಿತ!" ಅಂದನಂತೆ. ಆ ತಿಂಗಳು ಪೂರ್ತಿ ನಾನು ನೆಲದ ಮೇಲೆ ನಡೆಯಲಿಲ್ಲ. ಹೇಳದೆಯೇ ಫ್ಯಾನು ಒರೆಸಿದೆ.

ಪತ್ರಿಕೆ ಬಂತು. ಮುಖಪುಟದ ತುಂಬ ನನ್ನ ಹೆಂಡತಿ! ಸೆರಗು ಸಿಕ್ಕಿಸಿ, ಒಂದು ಕೈಯಲ್ಲಿ ಸ್ಪ್ಯಾನರು ಎತ್ತಿ, ಎರಡೂ ಕಿವಿಯಲ್ಲಿ ಓಲೆ ಮಿಂಚಿಸುತ್ತ ನಿಂತಿದ್ದಾಳೆ. ಮೇಲೆ 'ಗೃಹಸಿಂಹಿಣಿ' ಎಂಬ ದಪ್ಪ ಅಕ್ಷರ. ಇನ್ನೊಂದು ಕೈಯನ್ನು ಮುಂದೆ ಚಾಚಿದ್ದಾಳೆ. ಅಂಗೈಗೆ ಒಂದು ಬಾಣದ ಗುರುತು, ಪಕ್ಕದಲ್ಲಿ 'ಮಹಾಣು' ಎಂದು ಬರೆದಿದೆ. ಬಾಣದ ತುದಿಯಲ್ಲಿ ಏನೂ ಇಲ್ಲ.

ಸಂಪಾದಕರಿಗೆ ಫೋನ್ ಮಾಡಿ ಕೂಗಾಡಿದೆ. ಚಿತ್ರಗಾರ ನನ್ನನ್ನು ಸರಿಯಾಗಿಯೇ ಬರೆದಿದ್ದನಂತೆ. ಪ್ರೆಸ್ಸಿನವರು ಶಾಯಿಯ ಚುಕ್ಕೆ ಎಂದುಕೊಂಡು ಒರೆಸಿಹಾಕಿದರಂತೆ.

"ಬೇಜಾರ್ ಮಾಡ್ಕೋಬೇಡಿ ಸಾರ್" ಎಂದರು ಸಂಪಾದಕರು. "ನಿಮ್ಮ ಹಳೇ ಪುಟವನ್ನ ನಿಮಗೇ ಇಟ್ಟಿದ್ದೀವಿ. ಟೂತ್‌ಪೇಸ್ಟಿನೋರಿಗೆ ಕೊಡಲಿಲ್ಲ."

ಫೋನ್ ಇಟ್ಟು ಆ ಪುಟ ತೆರೆದೆ. ಪದಬಂಧದ ಹಿಂದೆ ದೊಡ್ಡದೊಂದು ಅಡುಗೆಮನೆಯ ಚಿತ್ರ. ಕೆಳಗೆ, 'ಮಕ್ಕಳೇ, ಗೃಹಸಿಂಹಿಣಿಯ ಗಂಡ ಈ ಚಿತ್ರದಲ್ಲಿ ಎಲ್ಲಿದ್ದಾನೆ? ಹುಡುಕಿ, ಬಹುಮಾನ ಗೆಲ್ಲಿ.'

ಅವಳು ಕನ್ನಡಕ ಹಾಕಿಕೊಂಡು ಹುಡುಕಿದಳು. "ಸಿಗ್ತಿಲ್ಲ ಕಣ್ರೀ" ಎಂದು ಬಹಳ ಪ್ರೀತಿಯಿಂದಲೇ ಹೇಳಿ, ಮುಖಪುಟಕ್ಕೆ ಫ್ರೇಮು ಹಾಕಿಸಲು ಅಂಗಡಿಗೆ ಹೋದಳು. ನಾನು ಮಧ್ಯಾಹ್ನದಿಂದ ಭೂತಗನ್ನಡಿ ಹಿಡಿದು ಕೂತಿದ್ದೇನೆ. ನನಗೂ ಸಿಕ್ಕಿಲ್ಲ.