ಕೋಟೆ ಬೀದಿಯ ಪಾತ್ರೆಗಳಿಗೆ ಕಲಾಯಿ

ಇಡೀ ಬ್ರಹ್ಮಾಂಡವೇ ಗೊಂದಲದ ಕಡೆಗೆ ಜಾರುತ್ತಿರುವಾಗ ತಮ್ಮ ಹಿತ್ತಿಲನ್ನಾದರೂ ತಡೆದು ನಿಲ್ಲಿಸಬೇಕೆಂದು ಹೊಳೆನರಸೀಪುರದ ವಿಜ್ಞಾನದ ಮೇಷ್ಟ್ರು ಸಂಪತ್ಕುಮಾರ ಅವರು ಆ ಭಾನುವಾರ ಪ್ರತಿಜ್ಞೆ ಮಾಡಿದರು. ಆಣೆ ಹೋಗಿ ನಯಾಪೈಸೆ ಬಂದ ಹೊಸತು. ದೇಶವೇ ಲೆಕ್ಕ ತಿದ್ದಿಕೊಂಡಿರುವಾಗ ಒಂದು ಹಿತ್ತಿಲು ತಿದ್ದುವುದೇನು ಮಹಾ!

ಹಿಂದಿನ ದಿನ ಮಗನ ಉಪನಯನ ಮುಗಿದಿತ್ತು. ಬೀದಿಯ ಪದ್ಧತಿಯಂತೆ ಅಡುಗೆಗೆಂದು ಮನೆಮನೆಯಿಂದ ತಂದ ಎರವಲು ಪಾತ್ರೆಗಳೆಲ್ಲ ಹಿತ್ತಿಲಲ್ಲಿ ಗುಡ್ಡೆ ಬಿದ್ದಿದ್ದವು. ಮಸಿ ಹಿಡಿದ ತಪ್ಪಲೆ, ಕಿವಿಗೆ ದಾರ ಕಟ್ಟಿಸಿಕೊಂಡ ಕೊಳಗ, ಬುಡಕ್ಕೆ ಸುಣ್ಣದ ಬೊಟ್ಟು ಇಡಿಸಿಕೊಂಡ ಬೋಗುಣಿ, ನೆಗ್ಗಿದ ಚೊಂಬು.

"ಸುಮ್ಮನೆ ಬಿಟ್ಟರೆ ಪ್ರಕೃತಿಯಲ್ಲಿ ಎಲ್ಲವೂ ಕಲಸುಮೇಲೋಗರ ಕಣೇ ಸರಸ! ಎಂಟ್ರೊಪಿ ಅಂತಾರೆ ಅದನ್ನ!" ಎಂದರು ಹೆಂಡತಿಗೆ.

"ನಿಮ್ಮ ಎಂಟ್ರೊಪಿಗೆ ಬೆಂಕಿ ಬೀಳ! ಹೊಳೇಲಿ ಬಟ್ಟೆ ಒಗೆದು ಬರೋವರೆಗೆ ಒಂದು ಸೌಟನ್ನೂ ಮುಟ್ಟಬೇಡಿ."

ಮೇಷ್ಟ್ರು ಮುಟ್ಟಲಿಲ್ಲ. ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ ಕಲಾಯಿ ಗಂಗಯ್ಯನನ್ನು ಕರೆದು ಮುಟ್ಟಿಸಿದರು!

"ಸೊಟ್ಟಗಿರೋವ್ನೆಲ್ಲ ತಟ್ಟಿ ನೆಟ್ಟಗೆ ಮಾಡ್ಬುಡಾನ ಸಾ?"

"ಒಂದನ್ನೂ ಬಿಡಬೇಡ!"

"ಈ ದಾರ ಗೀರ?"

"ಕಿತ್ತು ಬಿಸಾಕು!"

ತಿದಿ ಉಸಿರಾಡಿತು, ಸುತ್ತಿಗೆ ಹಾಡಿತು, ಹುಣಿಸೆಹಣ್ಣು ತನ್ನ ಕೈಚಳಕ ತೋರಿತು. ಮಧ್ಯಾಹ್ನದ ಹೊತ್ತಿಗೆ ಪಾತ್ರೆಗಳು ಮೇಷ್ಟ್ರ ಆಜ್ಞೆಯಂತೆ ಎತ್ತರದ ಕ್ರಮದಲ್ಲಿ ಡ್ರಿಲ್ ಮಕ್ಕಳ ಹಾಗೆ ನಿಂತು ಸೂರ್ಯನಿಗೇ ಕಣ್ಣು ಹೊಡೆಯುತ್ತಿದ್ದವು!

ಹೊಳೆಯಿಂದ ಬಂದ ಸರಸಳ ಕೈಯಿಂದ ಒದ್ದೆ ಬಟ್ಟೆಯ ಗಂಟು ನೆಲಕ್ಕೆ ಬಿತ್ತು.

"ಅಯ್ಯೋ ನನ್ನ ಕರ್ಮವೇ! ಯಾವುದು ಯಾರದೂಂತ ಗೊತ್ತಾಗೋದು ಹೇಗ್ರೀ?"

ಮೇಷ್ಟ್ರು ಒಂದು ಬೋಗುಣಿ ಮಗುಚಿ ನೋಡಿದರು. ಗುರುತಿನ ಸುಣ್ಣದ ಬೊಟ್ಟು ಇರಲಿಲ್ಲ. ಮಸಿಯ ಜೊತೆ ಇಡೀ ಬೀದಿಯ ವಿಳಾಸವೇ ತೊಳೆದುಹೋಗಿತ್ತು! ಎಲ್ಲವೂ ಸಮವಾಗಿ, ಒಂದೇ ಥರ ಆಗಿಬಿಡುವುದೇ ಎಂಟ್ರೊಪಿಯ ಪರಾಕಾಷ್ಠೆ ಎಂದು ಮೊನ್ನೆ ತಾನೇ ಬೋರ್ಡಿನ ಮೇಲೆ ಬರೆದ ಮಹಾನುಭಾವರು ಅವರೇ.

ಅಷ್ಟರಲ್ಲಿ ಪಾತ್ರೆ ಒಯ್ಯಲು ಬೀದಿಯ ಹೆಂಗಸರು ಬಂದೇಬಿಟ್ಟರು.

"ಇದು ನಮ್ಮ ತಪ್ಪಲೆ!" ಎಂದರು ಪಾರ್ವತಮ್ಮ.

"ಹೇಗೆ ನಿಮ್ದು? ನಮ್ದರ ಬುಡದಲ್ಲಿ ಕುದುರೆ ಥರ ಮಸಿ ಇತ್ತು," ಎಂದರು ಸುಂದರಮ್ಮ.

"ಎಲ್ರೀ ಆ ಕುದುರೆ?"

"ಮೇಷ್ಟ್ರನ್ನ ಕೇಳಿ, ಓಡಿಸಿಬಿಟ್ಟಿದ್ದಾರೆ!"

ಒಂದು ತಪ್ಪಲೆಗೆ ನಾಲ್ಕು ಕೈ. ಸರಸ ಕಂಬ ಹಿಡಿದುಕೊಂಡು ನಿಂತಿದ್ದಳು. ನಾಳೆಯಿಂದ ಈ ಬೀದಿಯಲ್ಲಿ ತನಗೆ ಒಂದು ಚಮಚ ಎರವಲು ಕೊಡುವವರಿಲ್ಲ!

ಕೊನೆಗೆ ಬಂದವರು ಬೀದಿಗೆಲ್ಲ ಹಿರಿಯರಾದ ಜಯಲಕ್ಷ್ಮಮ್ಮ. ಸಾಲಿನಲ್ಲಿದ್ದ ಚೊಂಬುಗಳನ್ನು ಒಂದೊಂದಾಗಿ ಎತ್ತಿ ಸವರಿ ನೋಡಿದರು.

"ನನ್ನ ಚೊಂಬಿನ ನೆಗ್ಗು ಎಲ್ಲೋ?"

"ತೆಗೆಸಿಬಿಟ್ಟಿದೀನಿ ಅಜ್ಜಿ," ಎಂದರು ಮೇಷ್ಟ್ರು, ಇದೊಂದರಲ್ಲಾದರೂ ಶಹಭಾಸ್ ಸಿಕ್ಕೀತೆಂದು. "ಈಗ ಹೊಸದರ ಹಾಗಿದೆ!"

ಮುದುಕಿ ಅಲ್ಲೇ ಕುಸಿದು ಕುಳಿತರು.

"ಮದುವೆಯಾದ ಹೊಸದರಲ್ಲಿ ಸಿಟ್ಟಿಗೆ ನಮ್ಮನೆಯವರ ಮೇಲೆ ಎಸೆದಿದ್ದೆ ಕಣೋ. ಅವರ ತಲೆ ತಾಗಿ ಆದ ನೆಗ್ಗು. ಅವರದೊಂದು ಪಟ ಕೂಡ ತೆಗೆಸಿರಲಿಲ್ಲ. ನೀರು ಬಗ್ಗಿಸೋವಾಗ ಹೆಬ್ಬೆಟ್ಟು ತಾನಾಗಿ ಅಲ್ಲಿ ಹೋಗಿ ಕೂತ್ಕೋತಿತ್ತು."

ತಪ್ಪಲೆ ಹಿಡಿದ ನಾಲ್ಕು ಕೈಗಳೂ ಸಡಿಲವಾದವು. ಮೇಷ್ಟ್ರು ಬೀದಿಯ ಕಡೆಗೆ ಎರಡು ಹೆಜ್ಜೆ ಹಾಕಿದರು.

"ಗಂಗಯ್ಯನ್ನ ಕರೆಸಿ ಮತ್ತೆ ನೆಗ್ಗಿಸ್ತೀನಿ ಅಜ್ಜಿ..."

"ಸುತ್ತಿಗೆ ನೆಗ್ಗು ನನಗ್ಯಾಕೋ? ತಲೆ ತಾಗಿದ ನೆಗ್ಗೇ ಬೇರೆ."

ಹಾಗೆಂದ ಜಯಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೈಗೆ ಸಿಕ್ಕ ಒಂದು ಚೊಂಬನ್ನು ಎತ್ತಿ ಸರಸಳ ಕೈಗಿಟ್ಟರು. "ನನ್ನ ತೋಳಲ್ಲಿ ಈಗ ಬಲ ಇಲ್ಲ ಕಣಮ್ಮ."

ಸರಸ ಚೊಂಬನ್ನು ಕೈಯಲ್ಲೇ ತೂಗಿ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಂಡನ ನುಣ್ಣನೆಯ ತಲೆಯನ್ನು ಮದುವೆಯಾದಾಗಿನಿಂದ ಎಂದೂ ನೋಡದಷ್ಟು ಅಕ್ಕರೆಯಿಂದ ನೋಡುತ್ತ ಕೇಳಿದಳು:

"ಎಡಗಡೆಗೋ, ಬಲಗಡೆಗೋ ಅಜ್ಜಿ?"