ಬದುಕಿದ್ದವರಿಗೆ ಮೌನಾಚರಣೆ

ನಾನು ಗದಗಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಕಳೆದ ವರ್ಷ ಪ್ರಾಚಾರ್ಯರು ಕರೆದು, ‘ಹುಡುಗೂರು ಮೊಬೈಲ್‌ನಾಗ ಬಂದಿದ್ದೆಲ್ಲಾ ಖರೆ ಅಂತಾರ. ಮಾಹಿತಿ ಹೆಂಗ ಹುಡುಕೂದು, ಹೆಂಗ ಪರೀಕ್ಷಾ ಮಾಡೂದು ಅಂತ ನೀವು ಕ್ಲಾಸ್ ತಗೋರಿ’ ಎಂದರು. ಈ ಕೆಲಸಕ್ಕೆ ನನಗಿಂತ ಯೋಗ್ಯರು ಜಿಲ್ಲೆಯಲ್ಲೇ ಇಲ್ಲವೆಂದು ನನಗೂ ಅನ್ನಿಸಿತು!

ಮೊದಲ ದಿನ ಗ್ರಂಥಾಲಯ ತುಂಬಿತ್ತು. ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕುವುದನ್ನು ತೋರಿಸಿದೆ. ಆಮೇಲೆ ಮೇಜು ಗುದ್ದಿ ಸಾರಿದೆ: ‘ಮೂಲ ಯಾವುದೆಂದು ಕೇಳದೆ ಏನನ್ನೂ ನಂಬಬೇಡಿ!’

ಆಗಲೇ ನನ್ನ ಮೊಬೈಲ್ ಗುಂಯ್ ಎಂದಿತು. ಗ್ರಂಥಪಾಲಕರ ಗುಂಪಿನಲ್ಲಿ ಸುದ್ದಿ: ಹಿರೇಮಠ ಸರ್ ಇನ್ನಿಲ್ಲ. ಲಕ್ಷ್ಮೇಶ್ವರದ ಸರ್, ನನಗೆ ಈ ಕೆಲಸ ಕೈಹಿಡಿದು ಕಲಿಸಿದ ಗುರುಗಳು. ಕಣ್ಣು ತುಂಬಿ ಬಂತು. ನಾಲ್ಕು ಗುಂಪುಗಳಿಗೆ ಶ್ರದ್ಧಾಂಜಲಿ ಬರೆದು ಕಳಿಸಿ, ಮಕ್ಕಳನ್ನೆಲ್ಲ ಮೌನವಾಗಿ ನಿಲ್ಲಿಸಿದೆ.

ಅರ್ಧ ನಿಮಿಷವೂ ಆಗಿರಲಿಲ್ಲ. ಲಕ್ಷ್ಮೇಶ್ವರದಿಂದ ಬರುವ ರೇಣುಕಾ ಕೈ ಎತ್ತಿದಳು.

‘ಸರ್, ಮೂಲ ಯಾವುದ್ರಿ? ಅವರು ನಮ್ಮ ಓಣ್ಯಾಗ ಅದಾರ್ರಿ. ಮುಂಜಾನೆ ಮೆಂತೆ ಪಲ್ಲೆ ಚೌಕಾಶಿ ಮಾಡಾಕತ್ತಿದ್ರು.’

ಅಲ್ಲೇ ಫೋನ್ ಹಚ್ಚಿದೆ. ಸರ್ ಅವರೇ ಎತ್ತಿದರು!

‘ನಾ ಹೋಗಿಲ್ಲೋ ತಮ್ಮಾ. ಹೋದಾಂವ ಮುಂಡರಗಿ ಹಿರೇಮಠ. ನಿನ್ನ ಶ್ರದ್ಧಾಂಜಲಿ ಓದಿದೆ, ಛಲೋ ಐತಿ. ಎರಡು ಕಾಗುಣಿತ ತಪ್ಪು ಅದಾವ. ಮನೀಗೆ ಬಾ, ತಿದ್ದಿ ಕೊಡ್ತೀನಿ.’

ಬರುವ ರವಿವಾರ ಬರುತ್ತೇನೆಂದೆ. ಆದರೆ ಯಾವ ಮುಖ ಹೊತ್ತು ಹೋಗಲಿ? ರವಿವಾರಗಳು ಒಂದೊಂದಾಗಿ ಕಳೆದವು.

ಮೂರು ತಿಂಗಳ ಮೇಲೆ ಅದೇ ಗುಂಪಿನಲ್ಲಿ ಅದೇ ಸುದ್ದಿ ಬಂತು. ಈ ಸಲ ಮೋಸ ಹೋಗುವ ಆಸಾಮಿ ನಾನಲ್ಲ! ಸರ್‌ಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಸುದ್ದಿ ಹಾಕಿದವರನ್ನು ಹಿಡಿದು, ‘ನೀವು ಕಣ್ಣಾರೆ ನೋಡೀರೇನು?’ ಎಂದು ಜಬರಿಸಿದೆ. ಅವರು ಇನ್ನೊಬ್ಬರ ಹೆಸರು ಹೇಳಿದರು, ಅವರು ಮತ್ತೊಬ್ಬರದು. ರೇಣುಕಾ ಅಂದು ಕಾಲೇಜಿಗೆ ಬಂದಿರಲಿಲ್ಲ. ಏಕೆಂದು ನನಗೆ ಹೊಳೆಯಲೂ ಇಲ್ಲ.

ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿ, ‘ಸುಮ್ಮನ ಬಸ್ ಹತ್ತಿ ಹೋಗ್ರಿ, ಒಂದು ತಾಸಿನ ಹಾದಿ’ ಎಂದಳು.

‘ಹಂಗ ಅವಸರ ಮಾಡಬಾರದು’ ಎಂದು ಅವಳಿಗೂ ಪಾಠ ಹೇಳಿದೆ.

ಸಂಜೆ ರೇಣುಕಾಳ ಫೋನ್ ಬಂತು. ‘ಸರ್, ಈಗಷ್ಟ ಮಣ್ಣು ಮಾಡಿ ಬಂದ್ರು. ನೀವು ಕಾಣಲೇ ಇಲ್ಲಲ್ರಿ...’

ಮರುದಿನ ಹೋದೆ. ಸರ್ ಹೆಂಡತಿ ಚಹಾ ಕೊಟ್ಟು ಎದುರಿಗೆ ಕುಳಿತರು.

‘ಪ್ರತಿ ರವಿವಾರ ನಿಮ್ಮ ಹಾದಿ ನೋಡತಿದ್ರು. ಕಡೀಕ, ಪಾಪ, ಅಂವಗ ಬಸ್ ಸಿಕ್ಕಿರಲಿಕ್ಕಿಲ್ಲ ಬಿಡು ಅಂದ್ರು.’

ಬಸ್ಸು ತಾಸಿಗೆರಡಿವೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ‘ಹೌದ್ರಿ, ಸಿಗಲಿಲ್ಲ’ ಎಂದೆ.